ಮಲೇರಿಯಾ ಜೀವಿಯ ಜಠರ

ಪ್ರಶ್ನೆ: ಮಂಗಳೂರಿನಲ್ಲಿ ಕಟ್ಟಡದ ಕೆಲಸಕ್ಕೆ ಹೋಗುವ ನನ್ನ ತಮ್ಮನಿಗೆ ವೈವಾಕ್ಸ್ ಮಲೇರಿಯಾ ಎಂದು ರಕ್ತಪರೀಕ್ಷೆಯಿಂದ ತಿಳಿಯಿತು. 3 ದಿನದ ಕ್ಲೋರೋಕ್ವಿನ್‌ನಿಂದ ಜ್ವರ ಬಿಟ್ಟಿದೆ. ಆದರೂ 14 ದಿನ ಪ್ರೈಮಾಕ್ವಿನ್ ನುಂಗಬೇಕಂತೆ. ಏಕೆ, ಡಾಕ್ಟರೇ? ಹೊಟ್ಟೆಯೇ ಇಲ್ಲದ ಈ ಜೀವಿ ನಮ್ಮ ರಕ್ತವನ್ನು ಅರಗಿಸಿಕೊಳ್ಳುವುದಾದರೂ ಹೇಗೆ?

ಉತ್ತರ: ತಮ್ಮ ಎರಡು ಪ್ರಶ್ನೆಗಳಿಗೂ ಉತ್ತರ ಆ ಜೀವಿಯ ಊಟದ ಕ್ರಮದಲ್ಲಿಯೇ ಇದೆ. ಒಂದೇ ಜೀವಕೋಶವೇ ಸಮಸ್ತ ಶರೀರವಾಗಿರುವ ಈ ಪರೋಪಜೀವಿಯು ನಮ್ಮ ಕೆಂಪು ರಕ್ತಕಣವನ್ನು ಹೊಕ್ಕು, ತನ್ನ ಹೊರಪೊರೆಯನ್ನು ಒಂದೆಡೆ ಬಾಯಿಯಂತೆ ಒಳಕ್ಕೆ ಮಡಿಸಿ, ಹೀಮೋಗ್ಲೋಬಿನ್ನನ್ನು ಗುಟುಕು ಗುಟುಕಾಗಿ ಸೆಳೆದುಕೊಂಡು, ಆಹಾರ ರಿಕ್ತಿಕೆಯೆಂಬ ಆಮ್ಲಮಯ ಚೀಲದಲ್ಲಿ ಪಚನಗೊಳಿಸುತ್ತದೆ. ಅದನ್ನು ಜಠರವೆಂದರೂ ತಪ್ಪಿಲ್ಲ.

ಪಚನದ ಕಿಣ್ವಗಳಾದರೋ ಅಲ್ಲಿ ಹುಟ್ಟುವುವಲ್ಲ. ಫಾಲ್ಸಿಪಾರಮ್ ಎಂಬ ಸೋದರಜಾತಿಯಲ್ಲಿ ವಿಶದವಾಗಿ ಪರಿಶೀಲಿಸಲ್ಪಟ್ಟ ಪ್ಲಾಸ್ಮೆಪ್ಸಿನ್ ಎಂಬ ಕಿಣ್ವವು, ಪ್ರೋಟೀನುಗಳು ತಯಾರಾಗುವ ಒಳಪೊರೆಗಳ ಜಾಲದಲ್ಲಿ ಜನಿಸಿ, ಪೊರೆಗೇ ಬಿಗಿಯಲ್ಪಟ್ಟ ಪೂರ್ವರೂಪದಲ್ಲಿ ಮೊದಲು ಆ ಬಾಯಿಯ ಬಳಿಗೆ ಬಂದು, ಅಲ್ಲಿಂದ ಹೀಮೋಗ್ಲೋಬಿನ್ನಿನ ಗುಟುಕಿನೊಡನೆಯೇ ರಿಕ್ತಿಕೆಗೆ ತೆರಳಿ, ಅಲ್ಲಿ ಕಟ್ಟು ಕತ್ತರಿಸಲ್ಪಟ್ಟ ಬಳಿಕ ತನ್ನ ಪಕ್ವರೂಪವನ್ನು ತಾಳುತ್ತದೆ. ದಾರಿಯಲ್ಲಿಯೇ ಹರಿತವಾಗಿದ್ದರೆ ಜೀವಿಯು ತನ್ನ ಮೈಯನ್ನೇ ಅರಗಿಸಿಕೊಳ್ಳುವ ಅಪಾಯವಿತ್ತು. ಇಷ್ಟು ಕ್ಷುದ್ರಜೀವಿಯಲ್ಲಿ ಇಂತಹ ಎಚ್ಚರಿಕೆಯೇ ಎಂದು ನಾನು ಇಂದಿಗೂ ಬೆರಗಾಗುತ್ತೇನೆ.

ಈ ಊಟದಲ್ಲಿ ಉಳಿಯುವ ಹೀಮ್ ಎಂಬ ಕಬ್ಬಿಣಾಂಶದ ಶೇಷವು ಜೀವಿಗೇ ವಿಷ. ಆದಕಾರಣ ಜೀವಿಯು ಅದನ್ನು ನಿರಪಾಯವಾದ ಕಂದು ಹರಳುಗಳನ್ನಾಗಿ ಮಾರ್ಪಡಿಸಿಡುತ್ತದೆ. ಸೂಕ್ಷ್ಮದರ್ಶಕದಡಿ ರಕ್ತಲೇಪವನ್ನು ನೋಡುವಾಗ, ನೀಲಿ ಬಣ್ಣ ಹಿಡಿದ ಜೀವಿಯ ನಡುವೆ ನಶ್ಯದ ಪುಡಿ ಉದುರಿದಂತೆ ತೋರುವುವು ಇವೇ. 1880ರಲ್ಲಿ ಅಲ್ಜೀರಿಯಾದಲ್ಲಿ ಫ್ರೆಂಚ್ ಸೇನಾವೈದ್ಯ ಲಾವೆರಾನ್ ರೋಗಿಯ ರಕ್ತದಲ್ಲಿ ಈ ಕಣಗಳನ್ನು ಅರಸುತ್ತಿದ್ದಾಗಲೇ ಜೀವಿಯನ್ನು ಕಂಡುಹಿಡಿದನು. ಕ್ಲೋರೋಕ್ವಿನ್ ಆ ಆಮ್ಲಚೀಲದಲ್ಲಿ ಶೇಖರವಾಗಿ ಹರಳುಗಟ್ಟುವುದನ್ನು ತಡೆಯುವುದರಿಂದ, ಜೀವಿಯು ತಾನುಂಡ ಅನ್ನದ ವಿಷದಿಂದಲೇ ಸಾಯುತ್ತದೆ. ತಮ್ಮ ತಮ್ಮನ ಜ್ವರ ಇಳಿದದ್ದು ಹೀಗೆ.

ಆದರೆ ವೈವಾಕ್ಸ್ ಜೀವಿಯ ಕೆಲವು ರೂಪಗಳು ಯಕೃತ್ತಿನ ಕೋಶಗಳಲ್ಲಿ ವಾರಗಟ್ಟಲೆ, ತಿಂಗಳುಗಟ್ಟಲೆ ನಿದ್ರಿಸುತ್ತವೆ. ಅಲ್ಲಿ ಹೀಮೋಗ್ಲೋಬಿನ್ನಿನ ಊಟವಿಲ್ಲ, ಹೀಮ್ ವಿಷವೂ ಇಲ್ಲ. ಆದುದರಿಂದ ಕ್ಲೋರೋಕ್ವಿನ್ ಅವುಗಳನ್ನು ಮುಟ್ಟದು. ಮರುಕಳಿಸುವ ಚಳಿಜ್ವರದ ಮೂಲ ಅವೇ. ಪ್ರೈಮಾಕ್ವಿನ್ ಕೊಡುವುದು ಅವುಗಳಿಗಾಗಿಯೇ. ಜ್ವರ ಬಿಟ್ಟಿತೆಂದು ನಡುವೆ ನಿಲ್ಲಿಸಬಾರದು. ಜಿ6ಪಿಡಿ ಎಂಬ ಕಿಣ್ವದ ಕೊರತೆಯುಳ್ಳವರಲ್ಲಿ ಮಾತ್ರ ಈ ಔಷಧ ರಕ್ತಕಣಗಳನ್ನು ಒಡೆಯಬಲ್ಲುದಾದ್ದರಿಂದ, ಆ ಪರೀಕ್ಷೆ ಆಗಿದೆಯೇ ಎಂದು ವಿಚಾರಿಸಿರಿ. ಮೂತ್ರವು ಕಪ್ಪಿಗೆ ತಿರುಗಿದರೆ ಮಾತ್ರೆಯನ್ನು ನಿಲ್ಲಿಸಿ ಅಂದೇ ವೈದ್ಯರನ್ನು ಕಾಣತಕ್ಕದ್ದು.