‘ಆಕ್ಚುಯಲಿ’ ಬಿಡು, ಆಸ್ಟಿನ್ ಓದು

ಪುಟ್ಟೀ, ನಿನ್ನ ನೋಟ್‌ಬುಕ್ ನೋಡಿದೆ. ಎಡಕ್ಕೆ ಇಂಗ್ಲಿಷಿನ ಕ್ರಿಯಾವಿಶೇಷಣ, ಬಲಕ್ಕೆ ಕನ್ನಡ ಅರ್ಥ, ಪುಟಗಟ್ಟಲೆ. ಅಕ್ಷರ ಮುದ್ದಾಗಿದೆ, ಬಿಡು. ಆದರೆ ಈ ಪಟ್ಟಿಯನ್ನು ಬಾಯಿಪಾಠ ಮಾಡಿ ಇಂಟರ್‌ವ್ಯೂಗೆ ಹೋದರೆ ‘ಐ ಹಾರ್ಡ್ಲಿ ವರ್ಕ್’ ಅಂತ ಹೇಳಿ ಬಂದೀಯೇ ಅನ್ನುವುದು ನನ್ನ ಭಯ. ‘ಹಾರ್ಡ್’ ಅಂದರೆ ಕಷ್ಟಪಟ್ಟು, ಅದಕ್ಕೆ ‘ಲಿ’ ಹಚ್ಚಿದರೆ ಇನ್ನೂ ಲಕ್ಷಣ ಅಂತ ಯಾರಿಗಾದರೂ ಅನ್ನಿಸುತ್ತದೆ. ಆ ವಾಕ್ಯದ ಅರ್ಥ ‘ನಾನು ಕೆಲಸ ಮಾಡುವುದೇ ಅಪರೂಪ’ ಅಂತ. ಎದುರಿಗೆ ಕೂತವರು ನಗುತ್ತಾರೆ, ಕೆಲಸ ಕೊಡುವುದಿಲ್ಲ. ‘ಲೇಟ್’, ‘ಲೇಟ್ಲಿ’ ಕತೆಯೂ ಇದೇ. ಮೊದಲನೆಯದು ತಡವಾಗಿ, ಎರಡನೆಯದು ಇತ್ತೀಚೆಗೆ. ‘ಫ್ರೆಂಡ್ಲಿ’ಗೆ ‘ಲಿ’ ಇದ್ದರೂ ಅದು ಕ್ರಿಯಾವಿಶೇಷಣವೇ ಅಲ್ಲ.

ಹಾಗಾಗಿ ಪಟ್ಟಿ ಮುಚ್ಚಿಡು, ವಾಕ್ಯ ಹಿಡಿ. ಅದೂ ಹಳೆಯ ಕಾದಂಬರಿಕಾರರ ವಾಕ್ಯ. ವ್ಯಾಕರಣದ ಪುಸ್ತಕದಲ್ಲಿ ಕ್ರಿಯಾವಿಶೇಷಣಕ್ಕೋಸ್ಕರ ಒಂದು ವಾಕ್ಯ ಹುಟ್ಟಿಸುತ್ತಾರೆ. ಕಾದಂಬರಿಯಲ್ಲಿ ಯಾರೋ ಒಬ್ಬರಿಗೆ ಸಿಟ್ಟು ಬಂದಿರುತ್ತದೆ, ನಾಚಿಕೆಯಾಗಿರುತ್ತದೆ, ಅದಕ್ಕೇ ಆ ಪದ ಬಂದಿರುತ್ತದೆ. ಹಾಗೆ ಬಂದ ಪದ ಮರೆಯುವುದಿಲ್ಲ.

ಜೇನ್ ಆಸ್ಟಿನ್ ‘ಪ್ರೈಡ್ ಆಂಡ್ ಪ್ರೆಜುಡಿಸ್’ ಪ್ರಕಟಿಸಿದ್ದು 1813ರಲ್ಲಿ. ಅದರ ಡಾರ್ಸಿ ಮಹಾ ಬಿಗುಮಾನದ ಮನುಷ್ಯ, ಮಾತು ಅಳೆದು ಆಡುವವನು. ಅಂಥವನು ಕಥಾನಾಯಕಿ ಎಲಿಜಬೆತ್ ಮುಂದೆ ಮೊದಲ ಸಲ ಪ್ರೀತಿ ಹೇಳಿಕೊಳ್ಳುವಾಗ ಬಾಯಿಂದ ‘ಆರ್ಡೆಂಟ್ಲಿ’ ಅನ್ನುವ ಪದ ಜಾರುತ್ತದೆ. ಪಟ್ಟಿಯಲ್ಲಿ ಇದಕ್ಕೆ ‘ಉತ್ಕಟವಾಗಿ’ ಅಂತ ಬರೆದುಕೊಂಡು ಮುಂದೆ ಹೋಗಿರುತ್ತೀಯ. ಕತೆಯಲ್ಲಿ ಓದಿದರೆ ಇಷ್ಟು ದಿನ ಕಟ್ಟಿದ್ದ ಒಡ್ಡು ಎಲ್ಲಿ ಒಡೆಯಿತು ಅಂತ ಕಾಣುತ್ತದೆ. ಆ ಪದದ ಮೇಲೆ ಬೆರಳಿಟ್ಟು ಮುಚ್ಚಿ ಓದಿ ನೋಡು. ಪ್ರೀತಿ ಉಳಿಯುತ್ತದೆ, ಡಾರ್ಸಿ ಕಾಣೆಯಾಗುತ್ತಾನೆ. (ಅವಳು ಒಪ್ಪಲಿಲ್ಲ, ಅದು ಬೇರೆ ಮಾತು. ಉತ್ಕಟತೆಯ ಹಿಂದೆಯೇ ಅವಳ ಮನೆತನ ತನಗೆ ಎಷ್ಟು ಕೀಳು ಅನ್ನುವುದನ್ನೂ ಹೇಳಿದ ಪುಣ್ಯಾತ್ಮ.)

ಆಸ್ಟಿನ್‌ಳದೇ ಇನ್ನೊಂದು ನನಗೆ ಹೆಚ್ಚು ಇಷ್ಟ. ‘ನಾರ್ಥ್ಯಾಂಗರ್ ಅಬ್ಬೆ’, ಅವಳು ತೀರಿಕೊಂಡ ಮೇಲೆ 1817ರ ಕೊನೆಗೆ ಹೊರಬಂದದ್ದು. ಅದರ ಕ್ಯಾಥರಿನ್‌ಗೆ ಹದಿನೇಳು ವರ್ಷ, ಹೆಚ್ಚುಕಮ್ಮಿ ನಿನ್ನ ವಯಸ್ಸು. ಬಾತ್ ಊರಿನ ಹತ್ತಿರ ಗುಡ್ಡದ ಕಡೆ ಅಡ್ಡಾಡುತ್ತಾ ಆಕೆ, ಗಂಡುಹುಡುಗರಿಗೆ ಕಾದಂಬರಿ ಅಂದರೆ ‘ಅಮೇಜಿಂಗ್ಲಿ’ ತಾತ್ಸಾರ ಅಂದುಕೊಂಡಿದ್ದೆ ಅನ್ನುತ್ತಾಳೆ. ಜೊತೆಗಿದ್ದ ಹೆನ್ರಿ ಅದೇ ಪದ ಹಿಡಿದು ಛೇಡಿಸುತ್ತಾನೆ: ಹಾಗೇನಾದರೂ ಇದ್ದರೆ ನಿಜವಾಗಿಯೂ ಬೆರಗುಪಡಬೇಕಾದ ಸಂಗತಿಯೇ, ಅವರೂ ಹೆಚ್ಚುಕಮ್ಮಿ ಹೆಂಗಸರಷ್ಟೇ ಓದುತ್ತಾರಲ್ಲ ಅಂತ. ಆ ಕಾಲದ ಹುಡುಗಿಯರ ಬಾಯಲ್ಲಿ ‘ಅಮೇಜಿಂಗ್ಲಿ’ ಹೇಗೆ ಸವೆದಿತ್ತೋ, ನಿಮ್ಮ ಬಾಯಲ್ಲಿ ‘ಆಕ್ಚುಯಲಿ’, ‘ಬೇಸಿಕಲಿ’, ‘ಲಿಟರಲಿ’ ಹಾಗೆ ಸವೆದಿವೆ. ಮೊನ್ನೆ ಫೋನಿನಲ್ಲಿ ‘ಲಿಟರಲಿ ಸತ್ತೇಹೋದೆ ಮಾವ’ ಅಂದೆ. ಸತ್ತವಳು ಫೋನ್ ಹೇಗೆ ಮಾಡಿದೆ? ಹೆನ್ರಿ ಇದ್ದಿದ್ದರೆ ಬಿಡುತ್ತಿರಲಿಲ್ಲ.

ಇನ್ನು ನಮ್ಮವರದೇ ತೊಂದರೆಗಳಿಗೆ ಬರೋಣ. ‘ಸುಮ್ನೆ ಕೂತಿದೀನಿ’ ಅನ್ನುವುದನ್ನು ನಾವು ‘ಸಿಂಪ್ಲಿ ಸಿಟಿಂಗ್’ ಅನ್ನುತ್ತೇವೆ. ‘ಮೆಲ್ಲಮೆಲ್ಲಗೆ’ ಅನ್ನುವುದು ‘ಸ್ಲೋಲಿ ಸ್ಲೋಲಿ’ ಆಗುತ್ತದೆ. ‘ಇವತ್ತೇ ಬಂದ’ ಅನ್ನುವುದು ‘ಟುಡೇ ಓನ್ಲಿ ಹೀ ಕೇಮ್’ ಆಗುತ್ತದೆ. ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ನಮ್ಮ ‘ಏ’ ಯಾವ ಪದದ ಬಾಲಕ್ಕೆ ಬೇಕಾದರೂ ಅಂಟಿ ಒತ್ತು ಕೊಡುತ್ತದೆ, ಅದೇ ಕೆಲಸವನ್ನು ‘ಓನ್ಲಿ’ಯಿಂದ ಮಾಡಿಸಲು ಹೊರಡುತ್ತೇವೆ. ಆದರೆ ‘ಓನ್ಲಿ’ ಸಾಮಾನ್ಯವಾಗಿ ತಾನು ಹಿಡಿಯುವ ಪದದ ಮುಂದೆ ಕೂರುತ್ತದೆ, ಜಾಗ ಬದಲಿಸಿದರೆ ಅರ್ಥವೇ ಬದಲಾಗುತ್ತದೆ. ‘ಓನ್ಲಿ ಐ ಗೇವ್ ಹಿಮ್ ಟೆನ್ ರುಪೀಸ್’ ಅಂದರೆ ನಾನೊಬ್ಬಳೇ ಕೊಟ್ಟದ್ದು, ಬೇರೆಯವರು ಕೈಯೆತ್ತಿದರು. ‘ಐ ಗೇವ್ ಓನ್ಲಿ ಹಿಮ್’ ಅಂದರೆ ಅವನಿಗೆ ಮಾತ್ರ. ‘ಐ ಗೇವ್ ಹಿಮ್ ಓನ್ಲಿ ಟೆನ್ ರುಪೀಸ್’ ಅಂದರೆ ಹತ್ತೇ ರೂಪಾಯಿ. ಕಾದಂಬರಿ ಓದುವಾಗ ಈ ಪದ ಸಿಕ್ಕ ಕಡೆಯೆಲ್ಲ ನಿಂತು, ಕನ್ನಡದಲ್ಲಿ ‘ಏ’ ಎಲ್ಲಿ ಹಚ್ಚಬೇಕು ಅಂತ ನೋಡು. ಬೇರೆ ಅಭ್ಯಾಸ ಬೇಡ.

ಜಾಗದ ಬಗ್ಗೆ ಇನ್ನೊಂದೇ ಮಾತು. ಕನ್ನಡದಲ್ಲಿ ‘ಬಾಗಿಲನ್ನು ಮೆಲ್ಲನೆ ತೆಗೆದಳು’ ಅಂತ ಕರ್ಮಕ್ಕೂ ಕ್ರಿಯೆಗೂ ನಡುವೆ ತೂರಿಸಬಹುದು. ಇಂಗ್ಲಿಷಿನಲ್ಲಿ ಆ ನಡುವೆ ಜಾಗವಿಲ್ಲ. ‘ಸ್ಲೋಲಿ’ಯನ್ನು ‘ಓಪನ್ಡ್’ಗೆ ಮುಂಚೆ ಇಡು, ಇಲ್ಲ ಬಾಗಿಲು ಮುಗಿದ ಮೇಲೆ ಇಡು. ವಾಕ್ಯದ ಬಾಲದಲ್ಲಿ ಇಟ್ಟ ಕ್ರಿಯಾವಿಶೇಷಣಕ್ಕೆ ಎಷ್ಟು ಶಕ್ತಿ ಅನ್ನುವುದು ಬೇಕಿದ್ದರೆ ಡಿಕನ್ಸ್ 1843ರಲ್ಲಿ ಬರೆದ ‘ಎ ಕ್ರಿಸ್‌ಮಸ್ ಕ್ಯಾರೊಲ್’ ತೆಗೆದು ಮೊದಲ ವಾಕ್ಯ ನೋಡು. ಒಂದು ಸಾವಿನ ಸುದ್ದಿ ಹೇಳಿ, ಕೊನೆಗೆ ‘ಮೊದಲಿಗೆ’ ಅನ್ನುವ ಅರ್ಥದ ಚಿಕ್ಕ ಪದಗುಚ್ಛ ಸಿಕ್ಕಿಸಿದ್ದಾನೆ. ಸಾವು ಮೊದಲಿಗೆ ಅಂದಮೇಲೆ ಮುಂದೇನು ಕಾದಿದೆಯೋ ಅಂತ ಪುಟ ತಿರುಗಿಸಲೇಬೇಕು.

ನಾವು ಕ್ರಿಯಾವಿಶೇಷಣವನ್ನು ಅತಿಯಾಗಿ ಸುರಿಯುವುದಕ್ಕೆ ನನ್ನ ಲೆಕ್ಕದಲ್ಲಿ ಒಂದು ಕಾರಣ ಇದೆ. ಕನ್ನಡದಲ್ಲಿ ಹೆಚ್ಚಾಗಿ ನಡೆಯುವುದೊಂದೇ, ಅದರ ಹಿಂದೆ ಬಿರಬಿರನೆ, ಮೆಲ್ಲನೆ, ತಟ್ಟಾಡುತ್ತಾ, ಕುಂಟುತ್ತಾ ಅಂತ ಬಣ್ಣ ಬಳಿಯುತ್ತೇವೆ. ಬಿರಬಿರನೆಯಂಥ ಅನುಕರಣ ಪದಗಳ ಸಂಪತ್ತು ಇಂಗ್ಲಿಷಿಗೆ ಅಷ್ಟಿಲ್ಲ. ಅವರು ನಡೆಯುವ ರೀತಿಯನ್ನು ಕ್ರಿಯಾಪದದ ಒಳಗೇ ತುಂಬಿಸಿಡುತ್ತಾರೆ: ‘ಸ್ಟ್ರೋಲ್’, ‘ಹರಿ’, ‘ಸ್ಟ್ಯಾಗರ್’, ‘ಲಿಂಪ್’. ದುರುಗುಟ್ಟಿ ನೋಡುವುದಕ್ಕೆ ‘ಗ್ಲೇರ್’ ಒಂದೇ ಸಾಕು, ‘ಲುಕ್ಡ್ ಆಂಗ್ರಿಲಿ’ ಬೇಡ. ಹಳಬರನ್ನು ಓದುವಾಗ ಕ್ರಿಯಾವಿಶೇಷಣ ಇರಬೇಕಾದ ಕಡೆ ಇಲ್ಲದಿದ್ದರೆ, ಪಕ್ಕದ ಕ್ರಿಯಾಪದವನ್ನು ಅಲ್ಲಾಡಿಸಿ ನೋಡು, ಅದರ ಹೊಟ್ಟೆಯೊಳಗೆ ಕೂತಿರುತ್ತದೆ.

ನಮ್ಮ ಆರ್. ಕೆ. ನಾರಾಯಣ್ ಇದರಲ್ಲಿ ಒಳ್ಳೆಯ ಮೇಷ್ಟ್ರು. ವಿಶ್ವವಿದ್ಯಾಲಯದ ಪ್ರವೇಶ ಪರೀಕ್ಷೆಯಲ್ಲಿ ಫೇಲಾಗಿ, ಒಂದು ವರ್ಷ ಮನೆಯಲ್ಲಿ ಓದಿಕೊಂಡು ಬರೆದುಕೊಂಡು ಇದ್ದವರು. 1935ರಲ್ಲಿ ಬಂದ ಅವರ ‘ಸ್ವಾಮಿ ಆಂಡ್ ಫ್ರೆಂಡ್ಸ್’ನ ಹುಡುಗರ ಜಗಳ, ಹೋಮ್‌ವರ್ಕಿನ ಸಂಕಟ ಎಲ್ಲ ಬರಿಗಾಲಿನಲ್ಲಿ ನಡೆಯುವಂಥ ಇಂಗ್ಲಿಷಿನಲ್ಲಿದೆ. ಅಲಂಕಾರದ ‘ಲಿ’ ತೀರಾ ಕಡಿಮೆ. ಮೊದಲು ಅದನ್ನೇ ಓದು. ಮೈಸೂರಿನ ಮನುಷ್ಯ ಬರೆದದ್ದು, ಭಯವಾಗುವುದಿಲ್ಲ. ಆಮೇಲೆ ಕ್ಯಾಥರಿನ್, ಆಮೇಲೆ ಡಾರ್ಸಿ. ಆಸ್ಟಿನ್, ಡಿಕನ್ಸ್ ಇಬ್ಬರೂ ಪ್ರಾಜೆಕ್ಟ್ ಗುಟೆನ್‌ಬರ್ಗ್‌ನಲ್ಲಿ ಪುಕ್ಕಟೆ ಸಿಗುತ್ತಾರೆ.

ಒಂದು ಎಚ್ಚರಿಕೆ ಇರಲಿ. ಹಳೆಯ ಪುಸ್ತಕದ ‘ಪ್ರೆಸೆಂಟ್ಲಿ’ ಅಂದರೆ ‘ಸ್ವಲ್ಪ ಹೊತ್ತಿನಲ್ಲೇ’, ನಮ್ಮ ಆಫೀಸಿನ ಅರ್ಜಿಯ ‘ಸದ್ಯಕ್ಕೆ’ ಅಲ್ಲ. ‘ಡೈರೆಕ್ಟ್ಲಿ’ ಅಂದರೆ ಹಲವು ಕಡೆ ‘ಕೂಡಲೇ’. ಅರ್ಥ ಹೊಂದುತ್ತಿಲ್ಲ ಅನ್ನಿಸಿದರೆ ಒಳ್ಳೆಯ ನಿಘಂಟು ನೋಡು. ಹಾಗೆಯೇ, ಕ್ರಿಯಾವಿಶೇಷಣವೇ ಬೇಡ ಅಂತ ಸ್ಟೀಫನ್ ಕಿಂಗ್ ಥರದವರು ಬೈದದ್ದನ್ನು ಯಾರಾದರೂ ತೋರಿಸಿಯಾರು. 2000ದಲ್ಲಿ ಬಂದ ‘ಆನ್ ರೈಟಿಂಗ್’ ಪುಸ್ತಕದಲ್ಲಿ ಅವರು ಸಾಕಷ್ಟು ಬೈದಿದ್ದಾರೆ, ತಾನೂ ಅದೇ ತಪ್ಪು ಮಾಡಿದವನು ಅಂತ ಅಲ್ಲೇ ಒಪ್ಪಿಕೊಂಡೂ ಇದ್ದಾರೆ. ಆ ಉಪದೇಶ ಈಗ ನಿನಗಲ್ಲ. ಮೊದಲು ಪದ ಕೈವಶವಾಗಲಿ, ಬಿಡುವುದು ಆಮೇಲೆ.

ದಿನಕ್ಕೆ ಒಂದು ಪುಟ ಸಾಕು. ಅದರಲ್ಲಿ ಒಂದು ಕ್ರಿಯಾವಿಶೇಷಣ ಹಿಡಿ, ಮುಚ್ಚಿ ಓದು, ಜಾಗ ಬದಲಿಸಿ ಓದು, ಕೊನೆಗೆ ಅದನ್ನಿಟ್ಟು ನಮ್ಮ ಮನೆಯವರ ಮೇಲೊಂದು ವಾಕ್ಯ ಬರೆ. ನನ್ನ ಮೇಲೆ ಬರೆದರೂ ಬೇಜಾರಿಲ್ಲ. ಭಾನುವಾರ ಬರುತ್ತೇನೆ, ತೋರಿಸು. ಊಟಕ್ಕೆ ಇರುತ್ತೇನೆ ಅಂತ ಅಮ್ಮನಿಗೆ ಹೇಳಿಬಿಡು.