ಕೃಷ್ಣೆಯ ನೀರು, ಆಲಮಟ್ಟಿಯ ವಿದ್ಯುತ್ತು ಮತ್ತು ಕಾಲುವೆಯ ಕೊನೆಯ ಹೊಲ

ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಣ ಪ್ರದೇಶಕ್ಕೆ ಪೂರ್ವದಲ್ಲಿ ಎಡೆದೊರೆನಾಡೆಂದು ಹೆಸರಿದ್ದಿತು. ಎರಡು ಹೊಳೆಗಳ ಮಧ್ಯದಲ್ಲಿದ್ದರೂ ಈ ನಾಡು ಬಹುಕಾಲ ಬರಗಾಲಕ್ಕೆ ತುತ್ತಾಗುತ್ತಲೇ ಬಂದಿತು. ಏಕೆಂದರೆ ಹೊಳೆಯು ತಗ್ಗಿನಲ್ಲಿಯೂ ಹೊಲವು ದಿಬ್ಬದಲ್ಲಿಯೂ ಇದ್ದವು. ಈ ಕೊರತೆಯನ್ನು ನೀಗಿಸುವ ಸಲುವಾಗಿ ಎರಡು ನದಿಗಳಿಗೂ ಅಣೆಕಟ್ಟುಗಳು ಕಟ್ಟಲ್ಪಟ್ಟು, ನಾರಾಯಣಪುರದ ಬಲದಂಡೆ ಕಾಲುವೆಯು ದೇವದುರ್ಗದ ಕಡೆಗೂ, ತುಂಗಭದ್ರೆಯ ಎಡದಂಡೆ ಕಾಲುವೆಯು ಮಾನ್ವಿ, ರಾಯಚೂರುಗಳ ಕಡೆಗೂ ಹರಿದು ಬಂದವು. ಅದಾಗ್ಯೂ ಕಾಲುವೆಯ ಕೊನೆಯ ಭಾಗದ ಹೊಲಗಳಿಗೆ ನೀರು ಮುಟ್ಟದೆ ಪೈರು ಒಣಗುವ ವರ್ಷಗಳುಂಟು. ಅಂಥ ವರ್ಷದಲ್ಲಿ “ನಮ್ಮ ನೀರನ್ನೆಲ್ಲ ಕರೆಂಟಿಗೆ ಬಿಟ್ಟರು” ಎಂಬ ಮಾತು ಊರ ಕಟ್ಟೆಗಳ ಮೇಲೆ ಹುಟ್ಟುವುದು ಸಹಜ. ಈ ಮಾತಿನಲ್ಲಿ ನಿಜವೆಷ್ಟು, ತಪ್ಪು ತಿಳಿವಳಿಕೆಯೆಷ್ಟು ಎಂಬುದನ್ನು ಗ್ರಾಮದ ಮುಖ್ಯಸ್ಥರೂ ಭೂಮಾಲೀಕರೂ ಚೆನ್ನಾಗಿ ಅರಿತುಕೊಳ್ಳುವುದು ಅವಶ್ಯಕ. ರೋಗದ ಮೂಲವನ್ನು ತಿಳಿಯದೆ ಕೊಟ್ಟ ಔಷಧದಿಂದ ಗುಣವಾಗಲಾರದು.

೧. ಆಲಮಟ್ಟಿಯ ಅಣೆಕಟ್ಟು

ವಿಜಯಪುರ ಜಿಲ್ಲೆಯ ಆಲಮಟ್ಟಿಯಲ್ಲಿ ಕೃಷ್ಣಾನದಿಗೆ ಅಡ್ಡಲಾಗಿ ಕಟ್ಟಿರುವ ಅಣೆಕಟ್ಟಿಗೆ ೧೯೬೪ನೆಯ ಇಸವಿಯಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲನ್ನಿಟ್ಟರು. ಅವರ ಹೆಸರನ್ನೇ ಈ ಜಲಾಶಯಕ್ಕೆ ಇಡಲಾಗಿದೆ. ಇದಕ್ಕೆ ೨೬ ಗೇಟುಗಳಿರುತ್ತವೆ. ಸಮುದ್ರಮಟ್ಟದಿಂದ ೫೧೯.೬ ಮೀಟರಿನವರೆಗೆ ನೀರು ನಿಂತಾಗ ಜಲಾಶಯವು ತುಂಬಿತೆಂದು ಎಣಿಸುತ್ತಾರೆ. ಆಗ ಅದರಲ್ಲಿ ೧೨೩ ಟಿ.ಎಂ.ಸಿ.ಯಷ್ಟು ನೀರು ಸಂಗ್ರಹವಾಗಿರುತ್ತದೆ. ಟಿ.ಎಂ.ಸಿ. ಎಂದರೆ ನೂರು ಕೋಟಿ ಘನ ಅಡಿ. ಒಂದು ಟಿ.ಎಂ.ಸಿ. ನೀರನ್ನು ಹರಡಿದರೆ ಸುಮಾರು ೨೩,೦೦೦ ಎಕರೆ ಭೂಮಿಯ ಮೇಲೆ ಒಂದು ಅಡಿ ಆಳಕ್ಕೆ ನಿಲ್ಲುವುದು.

ಈ ಸಂಗ್ರಹವು ಪುಕ್ಕಟೆಯಾಗಿ ದೊರೆತದ್ದಲ್ಲ. ಇದರ ಹಿನ್ನೀರಿನಲ್ಲಿ ಹಳೆಯ ಬಾಗಲಕೋಟೆಯ ಬಹುಭಾಗವೂ ಅನೇಕ ಹಳ್ಳಿಗಳೂ ಫಲವತ್ತಾದ ಎರೆಭೂಮಿಯೂ ಮುಳುಗಿಹೋದವು. ಅಲ್ಲಿಯ ಒಕ್ಕಲಿಗರು ಹಿರಿಯರ ಕಾಲದ ಹೊಲಮನೆಗಳನ್ನು ಬಿಟ್ಟೆದ್ದು ಹೋದುದರಿಂದಲೇ ಕೆಳಗಿನ ನಾಡಿಗೆ ನೀರು ಬಂದಿತೆಂಬುದನ್ನು ಕಾಲುವೆಯ ನೀರುಣ್ಣುವವರು ಮರೆಯಲಾಗದು.

೨. ನೀರಿನಿಂದ ವಿದ್ಯುತ್ತು ಹುಟ್ಟುವ ಬಗೆ

ಕನ್ನಡನಾಡಿಗೆ ಜಲವಿದ್ಯುತ್ತು ಹೊಸದಲ್ಲ. ಕಾವೇರಿಯ ಶಿವನಸಮುದ್ರದಿಂದ ೧೯೦೨ರಲ್ಲಿಯೇ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಹೋಯಿತು. ಅಲ್ಲಿ ನೀರು ಬೀಳುವ ಎತ್ತರವನ್ನು ನಿಸರ್ಗವೇ ಕೊಟ್ಟಿದ್ದಿತು. ಆಲಮಟ್ಟಿಯಲ್ಲಿ ಆ ಎತ್ತರವನ್ನು ಅಣೆಕಟ್ಟಿನಿಂದ ಉಂಟುಮಾಡಬೇಕಾಯಿತು.

ಜಲಾಶಯದ ನೀರು ದೊಡ್ಡ ಕೊಳವೆಗಳ ಮೂಲಕ ಕೆಳಗಿಳಿದು ಟರ್ಬೈನು ಎಂಬ ಚಕ್ರದ ರೆಕ್ಕೆಗಳನ್ನು ತಳ್ಳುವುದು. ಚಕ್ರದ ಅಚ್ಚಿಗೆ ಸೇರಿಸಿದ ಜನರೇಟರು ತಿರುಗಿ ವಿದ್ಯುತ್ತನ್ನು ಕೊಡುವುದು. ಕೆಲಸ ಮುಗಿಸಿದ ನೀರು ಕೆಳಬದಿಯಿಂದ ಹೊರಬಿದ್ದು ಪುನಃ ನದಿಯನ್ನೇ ಸೇರುವುದು. ಕಣದಲ್ಲಿ ಜೋಳವನ್ನು ತೂರುವಾಗ ಗಾಳಿಯು ಹೊಟ್ಟನ್ನು ಹಾರಿಸಿಕೊಂಡು ಮುಂದಕ್ಕೆ ಹೋಗುವುದೇ ಹೊರತು ಗಾಳಿಯೇನೂ ಕಣದಲ್ಲಿ ಖರ್ಚಾಗುವುದಿಲ್ಲ. ಅದರಂತೆಯೇ ವಿದ್ಯುದಾಗಾರವು ನೀರಿನ ಬೀಳುವ ಬಲವನ್ನು ಮಾತ್ರ ಪಡೆಯುವುದು. ನೀರಿನ ಪ್ರಮಾಣದಲ್ಲಿ ಕೊರತೆಯಾಗುವುದಿಲ್ಲ.

ಆಲಮಟ್ಟಿಯ ವಿದ್ಯುದಾಗಾರದಲ್ಲಿ ೫೫ ಮೆಗಾವ್ಯಾಟಿನ ಐದು ಯಂತ್ರಗಳೂ ೧೫ ಮೆಗಾವ್ಯಾಟಿನ ಒಂದು ಯಂತ್ರವೂ ಕೂಡಿ ೨೯೦ ಮೆಗಾವ್ಯಾಟ್ ಶಕ್ತಿಯಿರುತ್ತದೆ. ಇಲ್ಲಿಯ ಟರ್ಬೈನುಗಳು ಕಪ್ಲಾನ್ ಜಾತಿಯವು. ಎತ್ತರ ಕಡಿಮೆಯಿದ್ದು ನೀರು ಹೇರಳವಾಗಿರುವ ಸ್ಥಳಕ್ಕೆ ಇವು ತಕ್ಕವು.

೩. ಒಂದು ಸುಲಭವಾದ ಲೆಕ್ಕ

ಆಲಮಟ್ಟಿ ತುಂಬಿದಾಗಿನ ಮಟ್ಟ ೫೧೯.೬ ಮೀಟರು, ಅದರ ಕೆಳಗಿನ ನಾರಾಯಣಪುರದ ಜಲಾಶಯ ತುಂಬಿದಾಗಿನ ಮಟ್ಟ ೪೯೨.೨೫ ಮೀಟರು. ಎರಡಕ್ಕೂ ಇರುವ ಅಂತರ ಸುಮಾರು ೨೭ ಮೀಟರು. ಇಷ್ಟು ಎತ್ತರದಿಂದ ಬೀಳುವ ನೀರಿನಿಂದ ಒಂದು ಯೂನಿಟ್ ವಿದ್ಯುತ್ತನ್ನು ಪಡೆಯಲು ಸುಮಾರು ೧೫ ಘನ ಮೀಟರು, ಅಂದರೆ ೧೫,೦೦೦ ಲೀಟರು ನೀರು ಇಳಿಯಬೇಕು. ಒಂದು ಟಿ.ಎಂ.ಸಿ. ನೀರು ಇಳಿದರೆ ೧೮ ಲಕ್ಷ ಯೂನಿಟ್ಟಿಗೆ ಮೇಲ್ಪಟ್ಟು ವಿದ್ಯುತ್ತು ಹುಟ್ಟುವುದು. ಮೇಲಿನ ಜಲಾಶಯದ ಮಟ್ಟವು ೯ ಮೀಟರು ಇಳಿದರೆ ಅಷ್ಟೇ ನೀರಿನಿಂದ ದೊರೆಯುವ ವಿದ್ಯುತ್ತು ಮೂರನೆಯ ಒಂದು ಪಾಲು ಕಡಿಮೆಯಾಗುವುದು. ಆದುದರಿಂದ ಜಲಾಶಯದ ಮಟ್ಟವನ್ನು ಕಾಪಾಡಿಕೊಳ್ಳುವುದು ವಿದ್ಯುತ್ತಿನವರಿಗೂ ಹಿತ, ರೈತರಿಗೂ ಹಿತ.

ಆರು ಯಂತ್ರಗಳೂ ಪೂರ್ಣವಾಗಿ ನಡೆದರೆ ಅವುಗಳ ಮೂಲಕ ಹರಿಯುವ ನೀರು ಸುಮಾರು ೪೩,೦೦೦ ಕ್ಯೂಸೆಕ್. ಹೊರಹರಿವು ಇದಕ್ಕಿಂತ ಹೆಚ್ಚಾಯಿತೆಂದರೆ ಗೇಟುಗಳನ್ನು ಎತ್ತಿದ್ದಾರೆಂದು ತಿಳಿಯತಕ್ಕದ್ದು. ಆ ಹೆಚ್ಚುವರಿ ನೀರಿನಿಂದ ವಿದ್ಯುತ್ತು ಹುಟ್ಟುವುದಿಲ್ಲ.

೪. ಕೆಳಗಿನ ಜಲಾಶಯದ ಉಪಯೋಗ

ವಿದ್ಯುದಾಗಾರದಿಂದ ಹೊರಬಂದ ನೀರು ಯಾದಗಿರಿ ಜಿಲ್ಲೆಯ ನಾರಾಯಣಪುರದ ಬಸವಸಾಗರವನ್ನು ಸೇರುವುದು. ೧೯೮೨ರಲ್ಲಿ ಪೂರ್ಣಗೊಂಡ ಈ ಜಲಾಶಯದ ಸಂಗ್ರಹ ೩೩.೩ ಟಿ.ಎಂ.ಸಿ.ಯಷ್ಟು. ಎಡದಂಡೆ, ಬಲದಂಡೆ ಕಾಲುವೆಗಳು ಹೊರಡುವುದು ಇಲ್ಲಿಂದಲೇ. ಅಂದರೆ ಮೇಲೆ ವಿದ್ಯುತ್ತಿಗೆಂದು ಇಳಿಸಿದ ನೀರನ್ನು ಕೆಳಗೆ ಹಿಡಿದು ಹೊಲಗಳಿಗೆ ಹರಿಸುವ ಏರ್ಪಾಡು ಇದಾಗಿದೆ. ತುಂಗಭದ್ರೆಯಲ್ಲಿಯೂ ಹೀಗೆಯೇ: ಮುನಿರಾಬಾದಿನ ೨೮ ಮೆಗಾವ್ಯಾಟಿನ ವಿದ್ಯುದಾಗಾರವನ್ನು ದಾಟಿದ ನೀರೇ ಎಡದಂಡೆ ಕಾಲುವೆಗೆ ಸೇರುವುದು.

ಹಾಗಾದರೆ ರೈತರ ಆಕ್ಷೇಪಣೆಯಲ್ಲಿ ಹುರುಳೇ ಇಲ್ಲವೆ? ಒಂದು ಸಂದರ್ಭದಲ್ಲಿ ಉಂಟು. ನಾರಾಯಣಪುರವು ತುಂಬಿರುವಾಗ, ಆಲಮಟ್ಟಿಯು ಇನ್ನೂ ತುಂಬದಿರುವಾಗ, ವಿದ್ಯುತ್ತಿಗಾಗಿಯೇ ನೀರನ್ನು ಇಳಿಸಿದರೆ ಅದನ್ನು ಹಿಡಿಯಲು ಕೆಳಗೆ ಸ್ಥಳವಿರದೆ ಆ ನೀರು ದೇವಸುಗೂರನ್ನು ದಾಟಿ ಮುಂದಕ್ಕೆ ಹೋಗಿಬಿಡುವುದು. ಎರಡು ಜಲಾಶಯಗಳೂ ತುಂಬಿ ಪ್ರವಾಹ ಬರುತ್ತಿರುವಾಗ ಈ ಮಾತು ಅನ್ವಯಿಸುವುದಿಲ್ಲ; ಆ ನೀರು ಹೇಗೂ ಹೋಗತಕ್ಕದ್ದೇ. ಆದಕಾರಣ ದೂರುವ ಮೊದಲು ಎರಡು ಜಲಾಶಯಗಳ ಮಟ್ಟಗಳನ್ನೂ ಜೊತೆಯಲ್ಲಿಟ್ಟು ನೋಡಬೇಕು. ನೀರು ಮತ್ತು ವಿದ್ಯುತ್ತುಗಳ ನಡುವಣ ವಿವಾದವು ನೀರಿನ ಪ್ರಮಾಣದ್ದಲ್ಲ, ಕಾಲದ್ದು.

೫. ದೇವಸುಗೂರಿನ ವಿದ್ಯುತ್ ಕೇಂದ್ರ

ಭೀಮಾನದಿಯನ್ನು ಕೂಡಿಕೊಂಡು ಬರುವ ಕೃಷ್ಣೆಯ ದಡದಲ್ಲಿ, ದೇವಸುಗೂರಿನ ಬಳಿಯ ಶಕ್ತಿನಗರದಲ್ಲಿ, ರಾಯಚೂರು ಶಾಖೋತ್ಪನ್ನ ವಿದ್ಯುತ್ ಕೇಂದ್ರವಿರುತ್ತದೆ. ಇದರ ಎಂಟು ಘಟಕಗಳು ೧೯೮೫ರಿಂದ ೨೦೧೦ರವರೆಗೆ ಒಂದೊಂದಾಗಿ ಸ್ಥಾಪಿತವಾದವು; ಸ್ಥಾಪಿತ ಸಾಮರ್ಥ್ಯವು ೧,೭೨೦ ಮೆಗಾವ್ಯಾಟ್. ಇಲ್ಲಿ ಕಲ್ಲಿದ್ದಲನ್ನು ಸುಟ್ಟು ನೀರನ್ನು ಹಬೆ ಮಾಡಿ ಆ ಹಬೆಯಿಂದ ಟರ್ಬೈನನ್ನು ತಿರುಗಿಸುತ್ತಾರೆ. ಹಬೆಯನ್ನು ಪುನಃ ತಣ್ಣಗಾಗಿಸಲು ಹೊಳೆಯ ನೀರು ಬೇಕು. ಅದರಲ್ಲಿ ಒಂದು ಪಾಲು ಆವಿಯಾಗಿ ಆಕಾಶಕ್ಕೆ ಹೋಗುವುದು. ಇಂಥ ಕೇಂದ್ರಗಳಲ್ಲಿ ಯೂನಿಟ್ಟೊಂದಕ್ಕೆ ಸಾಮಾನ್ಯವಾಗಿ ಮೂರು ಲೀಟರಿನಷ್ಟು ನೀರು ಖರ್ಚಾಗುವುದು. ಆಲಮಟ್ಟಿಯಲ್ಲಿ ಯೂನಿಟ್ಟಿಗೆ ಹದಿನೈದು ಸಾವಿರ ಲೀಟರು ನೀರು ಹರಿದರೂ ಖರ್ಚಿಲ್ಲ; ಇಲ್ಲಿ ಮೂರೇ ಲೀಟರಾದರೂ ಅದು ಮರಳಿ ಬಾರದು. ಮಳೆಗಾಲದಲ್ಲಿ ಜಲವಿದ್ಯುತ್ತು ಹೇರಳವಾಗಿ ದೊರೆತಷ್ಟೂ ಕಲ್ಲಿದ್ದಲೂ ಈ ನೀರೂ ಉಳಿಯುವುವು. ಬೇಸಗೆಯಲ್ಲಿ ಹೊಳೆ ಬತ್ತಿದಾಗ ಈ ಕೇಂದ್ರಕ್ಕೂ ದಂಡೆಯ ಊರುಗಳ ಕುಡಿಯುವ ನೀರಿಗೂ ಮೇಲಿನ ಜಲಾಶಯವೇ ಆಧಾರ.

೬. ನೀರು ನಿಜವಾಗಿ ಖರ್ಚಾಗುವ ಸ್ಥಳ

ಕೃಷ್ಣಾ ಮೇಲ್ದಂಡೆ ಯೋಜನೆಯ ಮೊದಲೆರಡು ಹಂತಗಳಿಗೆ ೧೭೩ ಟಿ.ಎಂ.ಸಿ. ನೀರಿನಿಂದ ೬.೨೨ ಲಕ್ಷ ಹೆಕ್ಟೇರು ಭೂಮಿಯನ್ನು ತೋಯಿಸಬೇಕೆಂದು ನಿಶ್ಚಯಿಸಲಾಗಿದೆ. ಈ ನೀರನ್ನು ಇಷ್ಟು ಭೂಮಿಯ ಮೇಲೆ ಸಮವಾಗಿ ಹರಡಿದರೆ ವರ್ಷಕ್ಕೆ ಸುಮಾರು ೭೯ ಸೆಂಟಿಮೀಟರು, ಅಂದರೆ ೩೧ ಅಂಗುಲ ಆಳವಾಗುವುದು. ಕಾಲುವೆಗಳಲ್ಲಿ ಇಂಗಿಹೋಗುವುದನ್ನು ಕಳೆದರೆ ಹೊಲಕ್ಕೆ ಮುಟ್ಟುವುದು ಇನ್ನೂ ಕಡಿಮೆ. ನಿಂತ ನೀರಿನಲ್ಲಿ ಬೆಳೆಯುವ ಭತ್ತಕ್ಕೆ ಒಂದು ಬೆಳೆಗೇ ೧೨೦ ಸೆಂಟಿಮೀಟರಿಗೆ ಮೇಲ್ಪಟ್ಟು ನೀರು ಬೇಕು. ಜೋಳಕ್ಕೆ ಅದರ ಅರ್ಧಕ್ಕೂ ಕಡಿಮೆ ಸಾಕು. ಹೀಗಿರುವಲ್ಲಿ ಕಾಲುವೆಯ ಮೇಲ್ಭಾಗದ ಒಬ್ಬ ಜಮೀನುದಾರನು ಹತ್ತು ಎಕರೆಗೆ ಭತ್ತ ನಾಟಿದರೆ, ಕೊನೆಯ ಭಾಗದ ಹತ್ತು ಎಕರೆಗಿಂತ ಹೆಚ್ಚಿನ ಜೋಳ, ತೊಗರಿ, ಹತ್ತಿಗಳ ಪಾಲು ಅವನ ಗದ್ದೆಯಲ್ಲಿಯೇ ನಿಂತಂತಾಯಿತು.

ಇದರಿಂದ ಮೇಲ್ಭಾಗದವನಿಗೂ ಕಾಲಾಂತರದಲ್ಲಿ ಹಾನಿಯೇ. ಎರೆಮಣ್ಣಿನಲ್ಲಿ ನೀರು ಬೇಗನೆ ಬಸಿದುಹೋಗುವುದಿಲ್ಲ. ವರ್ಷವರ್ಷವೂ ನೀರು ನಿಂತರೆ ಅಂತರ್ಜಲವು ಬೇರಿನ ಮಟ್ಟಕ್ಕೆ ಏರಿ, ಅದರೊಡನೆ ಉಪ್ಪೂ ಮೇಲಕ್ಕೆ ಬಂದು ಭೂಮಿಯು ಸವಳಾಗುವುದು. ತುಂಗಭದ್ರಾ ಎಡದಂಡೆಯ ಪ್ರದೇಶದಲ್ಲಿ ಇಂಥ ಭೂಮಿಯು ಬಹಳಷ್ಟಿದ್ದು, ಬಸಿಗಾಲುವೆಗಳಿಂದ ಅದನ್ನು ಸುಧಾರಿಸುವ ಪ್ರಯೋಗಗಳು ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ನಡೆದಿವೆ. ಸವಳಾದ ಮೇಲೆ ಸರಿಪಡಿಸುವ ಖರ್ಚು ಹಿತಮಿತವಾಗಿ ನೀರು ಹಾಯಿಸುವ ಶ್ರಮಕ್ಕಿಂತ ಎಷ್ಟೋ ಪಾಲು ಅಧಿಕ.

ಜಲಾಶಯದ ಆಯುಷ್ಯವೂ ಅಕ್ಷಯವಲ್ಲ. ತುಂಗಭದ್ರೆಯಲ್ಲಿ ಮೊದಲು ಸುಮಾರು ೧೩೨ ಟಿ.ಎಂ.ಸಿ. ಹಿಡಿಯುತ್ತಿದ್ದುದು ಹೂಳು ತುಂಬಿ, ೨೦೧೬ರ ಅಳತೆಯಲ್ಲಿ ೧೦೫.೭೮೮ ಟಿ.ಎಂ.ಸಿ.ಗೆ ಇಳಿದುದು ಕಂಡುಬಂದಿತು. ೨೦೨೪ನೆಯ ಆಗಸ್ಟ್ ೧೦ರ ರಾತ್ರಿ ಅಲ್ಲಿಯ ೧೯ನೆಯ ಗೇಟಿನ ಸರಪಣಿ ಕಡಿದು ಗೇಟು ಕೊಚ್ಚಿಹೋದಾಗ, ತುಂಬಿದ ಜಲಾಶಯದ ನೀರು ನದಿಗೆ ಹರಿದುಹೋಯಿತು. ಒಂದು ವಾರದೊಳಗೆ ತಾತ್ಕಾಲಿಕ ತಡೆಯನ್ನು ಇಳಿಸಿ ನೀರನ್ನು ನಿಲ್ಲಿಸಿದರು. ನಂಬಿದ ಸಂಗ್ರಹವೂ ಒಂದು ರಾತ್ರಿಯಲ್ಲಿ ಕೈತಪ್ಪಬಹುದೆಂಬುದನ್ನು ಮಾನ್ವಿಯ ಕಡೆಯ ರೈತರು ಆ ವರ್ಷ ಕಣ್ಣಾರೆ ಕಂಡರು.

೭. ಪ್ರವಾಹಕಾಲದ ಎಚ್ಚರಿಕೆ

ಕೃಷ್ಣೆಗೆ ನೀರು ಬಹುಮಟ್ಟಿಗೆ ಮಹಾರಾಷ್ಟ್ರದ ಸಹ್ಯಾದ್ರಿಯಿಂದ ಬರುವುದು. ಆದುದರಿಂದ ಇಲ್ಲಿ ಒಂದು ಹನಿ ಮಳೆಯಿಲ್ಲದೆಯೂ ಹೊಳೆ ತುಂಬಿ ಬರಬಹುದು. ೨೦೧೯ರ ಆಗಸ್ಟಿನಲ್ಲಿ ನಾರಾಯಣಪುರದಿಂದ ಲಕ್ಷಗಟ್ಟಲೆ ಕ್ಯೂಸೆಕ್ ನೀರನ್ನು ಬಿಡಬೇಕಾಗಿ ಬಂದು ದೇವದುರ್ಗ ತಾಲ್ಲೂಕಿನ ಹೂವಿನಹೆಡಗಿ ಸೇತುವೆಯು ಮುಳುಗಿತು. ದೇವಸುಗೂರು ಮತ್ತು ಅದರ ಕೆಳಗಿನ ಊರುಗಳವರು ನಾರಾಯಣಪುರದ ಹೊರಹರಿವನ್ನು ಮಾತ್ರವಲ್ಲ, ಭೀಮೆಯ ಮೇಲಿನ ಉಜನಿಯ ಹೊರಹರಿವನ್ನೂ ವಿಚಾರಿಸುತ್ತಿರಬೇಕು; ಎರಡೂ ಒಟ್ಟಿಗೆ ಬಂದಾಗಲೇ ಇಲ್ಲಿ ಅಪಾಯ ಹೆಚ್ಚು.

೮. ಗ್ರಾಮದ ಮುಖ್ಯಸ್ಥರು ಮಾಡತಕ್ಕ ಕೆಲಸಗಳು

(ಅ) ಮಳೆಗಾಲದಲ್ಲಿ ಪ್ರತಿದಿನ ಆಲಮಟ್ಟಿ, ನಾರಾಯಣಪುರಗಳ ಮಟ್ಟ, ಒಳಹರಿವು, ಹೊರಹರಿವುಗಳನ್ನು ತಿಳಿದು ಊರಿನ ಚಾವಡಿಯ ಹಲಗೆಯ ಮೇಲೆ ಬರೆಯಿಸತಕ್ಕದ್ದು.

(ಆ) ಹೊರಹರಿವು ಹೆಚ್ಚುವ ಸುದ್ದಿ ಬಂದೊಡನೆ ದಂಡೆಯ ಪಂಪುಗಳನ್ನೂ ದನಕರುಗಳನ್ನೂ ಮೇಲಕ್ಕೆ ಸಾಗಿಸುವಂತೆ ಡಂಗುರ ಹೊಡೆಯಿಸತಕ್ಕದ್ದು. ತೆಪ್ಪಗಳನ್ನು ನೀರಿಗಿಳಿಸಲು ಬಿಡಬಾರದು.

(ಇ) ಕಾಲುವೆಗೆ ನೀರು ಬಿಡುವ ಮೊದಲೇ ಹೊಲಗಾಲುವೆಗಳ ಹೂಳು, ಜಾಲಿಗಳನ್ನು ತೆಗೆಯಿಸತಕ್ಕದ್ದು.

(ಈ) ಚಾಲು-ಬಂದ್ ಸರದಿಯನ್ನು ನೀರು ಬಳಕೆದಾರರ ಸಂಘದ ಮೂಲಕ ಗೊತ್ತುಮಾಡಿ, ಸಾಧ್ಯವಾದೆಡೆ ಕೊನೆಯ ಹೊಲದಿಂದಲೇ ಸರದಿಯನ್ನು ಆರಂಭಿಸತಕ್ಕದ್ದು. ಒಂದು ಕ್ಯೂಸೆಕ್ ನೀರು ಒಂದು ಹಗಲು ಒಂದು ರಾತ್ರಿ ಹರಿದರೆ ಸುಮಾರು ಎಂಟು ಎಕರೆಗೆ ಮೂರು ಅಂಗುಲದಂತೆ ನೀರಾಗುವುದು. ಈ ಲೆಕ್ಕವನ್ನು ಹಿಡಿದು ಪ್ರತಿಯೊಬ್ಬನ ತಾಸುಗಳನ್ನು ಹಂಚಬಹುದು.

(ಉ) ದೊಡ್ಡ ಜಮೀನುದಾರರು ತಾವೇ ಮೊದಲು ಭತ್ತವನ್ನು ಬಿಟ್ಟು ಅರೆನೀರಾವರಿ ಬೆಳೆಗಳನ್ನು ಹಾಕಿ ತೋರಿಸತಕ್ಕದ್ದು. ದೊಡ್ಡವರು ನಡೆದ ದಾರಿಯನ್ನೇ ಸಣ್ಣ ಹಿಡುವಳಿದಾರರು ಹಿಡಿಯುವರು.

ಆಲಮಟ್ಟಿಯ ಗೇಟುಗಳು ಎಂಜಿನಿಯರರ ಕೈಯಲ್ಲಿವೆ. ಊರಿನ ತೂಬು ಮಾತ್ರ ಊರಿನವರ ಕೈಯಲ್ಲಿಯೇ ಇರುತ್ತದೆ. ಕೊನೆಯ ಹೊಲದ ಒಕ್ಕಲಿಗನು ನೀರಿಲ್ಲದೆ ಮನೆಗೆ ಬೀಗವಿಕ್ಕಿ ದೂರದ ಪಟ್ಟಣಗಳಿಗೆ ದುಡಿಯಲು ಹೋಗುವುದನ್ನು ತಪ್ಪಿಸಬೇಕಾದರೆ, ಮೊದಲು ಈ ತೂಬಿನಲ್ಲಿ ನ್ಯಾಯವು ನಡೆಯತಕ್ಕದ್ದು.