ಬಚ್ಚಲ ಮೋರಿಯ ಶುದ್ಧಿ: ಮನೆಯವರ ಕಾಯಕ

ಕಾಯಕದಲ್ಲಿ ಮೇಲು ಕೀಳೆಂಬ ಭೇದವನ್ನು ಶರಣರು ಎಣಿಸಲಿಲ್ಲ. ಅಂಗಳದ ಕಸ ಗುಡಿಸುವುದನ್ನೇ ಕಾಯಕವಾಗಿ ಕೈಕೊಂಡ ಸತ್ಯಕ್ಕ ಶರಣೆಯರ ಸಾಲಿನಲ್ಲಿ ಗೌರವದ ಸ್ಥಾನ ಪಡೆದವಳು. ಅಂಗಳದಂತೆ ಬಚ್ಚಲೂ ಮನೆಯವರ ಹೊಣೆಯೇ. ಆದರೂ ಮೋರಿ ಕಟ್ಟಿಕೊಂಡೊಡನೆ ‘ಯಾರನ್ನಾದರೂ ಕರೆಸಿ’ ಎನ್ನುವುದು ರೂಢಿ. ಆ ‘ಯಾರಾದರೂ’ ಯಾರು ಎಂಬುದು ವಿಚಾರಾರ್ಹವಾದ ಪ್ರಶ್ನೆ.

ಮುಳಬಾಗಿಲಿಗೆ ಸಮೀಪದ ಕುರುಡುಮಲೆಯಂಥ ಊರನ್ನು ದೃಷ್ಟಾಂತವಾಗಿ ನೋಡಬಹುದು. ಕೋಲಾರ ಸೀಮೆಯಲ್ಲಿ ವರ್ಷವಿಡೀ ಹರಿಯುವ ಹೊಳೆಯಿಲ್ಲ. ಕೆರೆ ಬಾವಿಗಳು ಸಾಲದಾದ ಮೇಲೆ ಕೊಳವೆಬಾವಿಯೇ ಗತಿಯಾಯಿತು. ಬಂಡೆಯ ಬಿರುಕುಗಳಿಂದ ಬರುವ ಈ ನೀರು ಬಹುಮಟ್ಟಿಗೆ ಗಡಸು. ಅದರಲ್ಲಿರುವ ಸುಣ್ಣದ ಅಂಶವು ಸಾಬೂನಿನೊಡನೆ ಕೂಡಿ ಕರಗದ ಗಸಿಯಾಗುತ್ತದೆ. ಮುದ್ದೆಯ ಪಾತ್ರೆ ತೊಳೆದ ಹಿಟ್ಟು, ಒಗ್ಗರಣೆಯ ಜಿಡ್ಡು, ತಲೆಗೂದಲು ಆ ಗಸಿಗೆ ಅಂಟಿ ಕೊಳವೆ ಕಿರಿದಾಗುತ್ತದೆ. ಅಭಾವದ ದೆಸೆಯಿಂದ ಮಿತವಾಗಿ ಸುರಿಯುವ ನೀರಿಗೆ ಅದನ್ನು ಕೊಚ್ಚಿ ಒಯ್ಯುವ ಬಲವಿರದು.

ಪರಿಹಾರದ ಕ್ರಮ ಇಂತಿದೆ:

1. ಬಚ್ಚಲ ಬಾಯಿಯ ಜಾಲರಿಯನ್ನು ತೆಗೆದು, ಸಿಕ್ಕಿದ ಕೂದಲು ಕಸವನ್ನು ಕೊಕ್ಕೆಯಿಂದ ಎಳೆಯಬೇಕು.

2. ಬಾಯಿಯ ಮೇಲೆ ನೀರು ನಿಲ್ಲಿಸಿ, ರಬ್ಬರ್ ಬಟ್ಟಲುಳ್ಳ ಕೋಲನ್ನು ಅದುಮಿ ಎತ್ತಬೇಕು. ನೀರು ಕುಗ್ಗುವ ವಸ್ತುವಲ್ಲ. ಆದುದರಿಂದ ಒತ್ತಡವು ನೇರವಾಗಿ ಕಟ್ಟಿಗೆ ತಾಗುತ್ತದೆ.

3. ಪಾತ್ರೆ ತೊಳೆಯುವ ತೊಟ್ಟಿಯ ಕೆಳಗಿನ ಬಾಗು ಕೊಳವೆಯನ್ನು, ಬಕೆಟ್ ಇಟ್ಟುಕೊಂಡು, ಬಿಚ್ಚಿ ತೊಳೆಯಬೇಕು. ಆ ಬಾಗಿನಲ್ಲಿ ನಿಲ್ಲುವ ನೀರೇ ದುರ್ಗಂಧವನ್ನು ತಡೆಯುವುದು. ಮರಳಿ ಜೋಡಿಸಿದ ಮೇಲೆ ನೀರು ಹೊಯ್ಯಲು ಮರೆಯಬಾರದು.

4. ಕಟ್ಟು ಇನ್ನೂ ಆಳದಲ್ಲಿದ್ದರೆ ಬಾಗುವ ತಂತಿಯನ್ನು ತಿರುಗಿಸುತ್ತ ತೂರಿಸಬೇಕು.

ಕಾಸ್ಟಿಕ್ ಸೋಡಾ ಚರ್ಮವನ್ನೂ ಕಣ್ಣನ್ನೂ ಸುಡುತ್ತದೆ. ಆಸಿಡ್ಡಿಗೆ ಬ್ಲೀಚಿಂಗ್ ಪುಡಿ ಸೇರಿದರೆ ಕ್ಲೋರಿನ್ ಎಂಬ ವಿಷಾನಿಲ ಏಳುತ್ತದೆ. ಕುದಿಯುವ ನೀರು ಪ್ಲಾಸ್ಟಿಕ್ ಕೊಳವೆಯನ್ನು ಸೊಟ್ಟಗಾಗಿಸಬಲ್ಲದು.

ಮನೆಯ ಮೋರಿಗೆ ಕೈಯೇ ಸಾಕು. ಆದರೆ ಮಲದ ಗುಂಡಿಗೆ ಯಾರೂ ಇಳಿಯಕೂಡದು. ಅಲ್ಲಿ ಸೇರುವ ಹೈಡ್ರೋಜನ್ ಸಲ್ಫೈಡ್ ಅನಿಲವು ಹೆಚ್ಚಾದಾಗ ಮೊದಲು ಮೂಗಿನ ಅರಿವನ್ನೇ ಕಸಿದು, ಬಳಿಕ ಕ್ಷಣಗಳಲ್ಲಿ ಪ್ರಾಣ ತೆಗೆಯುತ್ತದೆ. ರಕ್ಷಣಾ ಸಾಧನಗಳಿಲ್ಲದೆ ಇಂಥ ತೊಟ್ಟಿಗಳಿಗೆ ಜನರನ್ನು ಇಳಿಸುವುದನ್ನು 2013ರ ಕೇಂದ್ರ ಕಾಯಿದೆ ನಿಷೇಧಿಸಿತು. ಹೀಗೆ ಮಡಿದವರ ಕುಟುಂಬಕ್ಕೆ 10 ಲಕ್ಷ ರೂಪಾಯಿ ಪರಿಹಾರವನ್ನು 2014ರಲ್ಲಿ ವಿಧಿಸಿದ ಸುಪ್ರೀಂ ಕೋರ್ಟು, 2023ರಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಮಲ ಹೊರುವ ಪದ್ಧತಿಯ ವಿರುದ್ಧ ಹೋರಾಡಿ 2016ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದ ಬೆಜವಾಡ ವಿಲ್ಸನ್ ಹುಟ್ಟಿದುದು ಇದೇ ಜಿಲ್ಲೆಯ ಚಿನ್ನದ ಗಣಿಯ ಊರಿನಲ್ಲಿ ಎಂಬುದು ಸ್ಮರಣೀಯ.

ಆದುದರಿಂದ ಗುಂಡಿಯ ಕೆಲಸವನ್ನು ಹೀರುವ ಯಂತ್ರಕ್ಕೆ ಬಿಡತಕ್ಕದ್ದು. ಬಚ್ಚಲ ಕೆಲಸವನ್ನು ಮನೆಯ ಗಂಡಸರು, ಹೆಂಗಸರು, ಮಕ್ಕಳು ಹಂಚಿಕೊಳ್ಳತಕ್ಕದ್ದು. ಜಿಡ್ಡನ್ನು ಮೊದಲೇ ಒರೆಸಿ ಪಾತ್ರೆ ತೊಳೆಯುವುದು, ಜಾಲರಿಯನ್ನು ವಾರಕ್ಕೊಮ್ಮೆ ಶುಚಿಗೊಳಿಸುವುದು ಇವೆರಡೇ ಅಭ್ಯಾಸಗಳು ಕಟ್ಟನ್ನು ಬಹುವಾಗಿ ತಡೆಯುತ್ತವೆ. ಪ್ರಸಾದ ನಿಲಯದ ವಿದ್ಯಾರ್ಥಿ ಇದನ್ನು ಕಲಿತು ಮನೆಗೆ ಮರಳಿದರೆ, ಕಾಯಕದ ಪಾಠ ಪುಸ್ತಕದಾಚೆಗೂ ನಡೆದಂತಾಗುತ್ತದೆ.